ಗದಿಗೆಮ್ಮನ ಕೈ

ದಾನೇಶ್ವರಿ ಹತ್ತೊಂಬತ್ತನೇ ವಯಸ್ಸಿಗೇ ಮುದುಕಿಯಾದಳು. ಮಾಡಿದವನು ಬೇರೆ ಯಾರೂ ಅಲ್ಲ, ಸ್ವಂತ ಅಣ್ಣ ಚನ್ನವೀರಪ್ಪ. ನಾರಾಯಣಗೂಡ, ಕಾಚಿಗೂಡದ ಕನ್ನಡದವರ ಬಾಯಲ್ಲಿ ಅವನು ಚನ್ನು ಮಾಸ್ತರ. ಹಗಲೆಲ್ಲ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿ, ಸಂಜೆಯಾದರೆ ಕನ್ನಡ ಸಂಘದ ಹಾಲಿನಲ್ಲಿ ನಾಟಕ ಕಲಿಸುತ್ತಿದ್ದ. ಆ ವರ್ಷ ತಾನೇ ಬರೆದ ನಾಟಕಕ್ಕೆ ಒಬ್ಬ ಅಜ್ಜಿ ಬೇಕಾಗಿದ್ದಳು. ಸಂಘದ ಹೆಂಗಸರು ಯಾರೂ ಒಪ್ಪಿರಲಿಲ್ಲ.

“ಹುಡುಗೀ ಪಾರ್ಟಿಗಾದ್ರ ನಾ ಮುಂದ ನೀ ಮುಂದ ಅಂತ ಬರ್ತಾರ. ಮುದುಕಿ ಪಾರ್ಟಿಗೆ ಯಾವಾಕಿ ಬರ್ತಾಳ? ನೀ ಕುಂದರು ಇಲ್ಲೆ,” ಎಂದು ತಂಗಿಯನ್ನು ಕನ್ನಡಿಯ ಮುಂದೆ ಕೂರಿಸಿದ. “ಮಾರಿ ಗಂಟು ಹಾಕು.”

ಅವಳು ಗಂಟು ಹಾಕಿದಳು. ಹಣೆಯ ಮೇಲೆ, ಬಾಯಿಯ ಅಕ್ಕಪಕ್ಕ, ಚರ್ಮ ಎಲ್ಲೆಲ್ಲಿ ಮಡಿಚಿತೋ ಅಲ್ಲೆಲ್ಲ ಕಪ್ಪು ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತ ಹೋದ. “ದೇವರು ಎಲ್ಲೆಲ್ಲಿ ಗೆರಿ ಹಾಕೂನು ಅಂತ ಮೊದಲೇ ನಿಶಾನಿ ಮಾಡಿ ಇಟ್ಟಾನ. ನಾವು ಝರಾ ಅವಸರ ಮಾಡಾಕತ್ತೀವಿ, ಅಷ್ಟೇ.”

ಅಣ್ಣ ಅವಳಿಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವನು. ಅವನು ಏನು ಮಾಡಿದರೆ ಅವಳಿಗೂ ಅದೇ ಬೇಕು. ಅವನು ಹಾರ್ಮೋನಿಯಂ ತಂದಾಗ ಗಾಳಿಯ ತಿದಿ ಒತ್ತಲು ಕೂತವಳು ಅವಳೇ, ಅವನಿಗೆ ಬೇಸರ ಬಂದು ಅದನ್ನು ಅಟ್ಟಕ್ಕೆ ಏರಿಸಿದ ದಿನ ಅವಳಿಗೂ ಬೇಸರ ಬಂತು. ನಾಟಕ ಮಾತ್ರ ಇಬ್ಬರನ್ನೂ ಬಿಡಲಿಲ್ಲ. ಅವಳ ಮದುವೆ ಆಗದಿದ್ದುದಕ್ಕೂ ನಾಟಕವೇ ಕಾರಣ ಎಂದು ಅವಳು ನಗುತ್ತ ಹೇಳುವುದುಂಟು. ಬೀದರಿನಿಂದ ಹೆಣ್ಣು ನೋಡಲು ಬಂದವರನ್ನು ಯಾರೋ ಪುಣ್ಯಾತ್ಮ ನೇರ ನಾಟಕಕ್ಕೇ ಕರೆತಂದು ಕೂರಿಸಿದ್ದ. “ಹುಡುಗಿ ಎಲ್ಲಿ?” ಎಂದು ಹುಡುಗನ ತಾಯಿ ಕೇಳಿದಳಂತೆ. “ಅಗಳ್ರಿ, ಅಲ್ಲಿ ಬಾಗಿ ಕೆಮ್ಮಾಕತ್ತಾಳಲ್ಲ, ಅಕೀನೇ.” ಇಂಟರ್ವಲ್ ಮುಗಿದಾಗ ಆ ಸಾಲಿನ ಕುರ್ಚಿಗಳು ಖಾಲಿ.

ಆ ನಾಟಕದ ಕಥೆ ದೊಡ್ಡದೇನಲ್ಲ. ಅಜ್ಜಿಯ ಬಲಗೈ ನಡುಗುತ್ತದೆ. ನಡುಗುವ ಕೈಗೆ ಮನೆಯವರು ಏನನ್ನೂ ಕೊಡುವುದಿಲ್ಲ. ನೀರಿನ ಲೋಟ ಕೊಟ್ಟರೆ ಚೆಲ್ಲುತ್ತಾಳೆ, ದೀಪ ಕೊಟ್ಟರೆ ಸೀರೆ ಸುಟ್ಟುಕೊಳ್ಳುತ್ತಾಳೆ. ಮೊಮ್ಮಗು ಹುಟ್ಟಿದಾಗ ಸೊಸೆ ಕೂಸನ್ನೂ ಕೊಡುವುದಿಲ್ಲ. ಕೊನೆಯ ದೃಶ್ಯದಲ್ಲಿ ಸೊಸೆಯ ಮನಸ್ಸು ಕರಗುತ್ತದೆ. ಕೂಸನ್ನು ತಂದು ಅಜ್ಜಿಯ ಮಡಿಲಿಗೆ ಇಡುತ್ತಾಳೆ. ಇಟ್ಟ ಕ್ಷಣ ನಡುಕ ನಿಂತುಹೋಗುತ್ತದೆ. “ನೋಡ್ರವ್ವ, ನನ್ನ ಕೈ ನಿಂತೈತಿ,” ಎನ್ನುತ್ತಾಳೆ ಅಜ್ಜಿ. ಪರದೆ ಬೀಳುತ್ತದೆ. ಹೈದರಾಬಾದ್, ಸಿಕಂದರಾಬಾದ್, ಒಮ್ಮೆ ರಾಯಚೂರು, ಎಲ್ಲಿ ಆಡಿದರೂ ಆ ಮಾತಿಗೆ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡವರೇ.

ಅಣ್ಣನದೊಂದು ಪದ್ಧತಿ ಇತ್ತು. ತಾಲೀಮಿನಲ್ಲಿ ಎಲ್ಲ ಮಾಡಿಸುತ್ತಿದ್ದ, ಕೂಸನ್ನು ಮಾತ್ರ ಕೊಡಿಸುತ್ತಿರಲಿಲ್ಲ. ಸೊಸೆ ಬರಿಗೈಯಲ್ಲಿ ಅಜ್ಜಿಯ ಹತ್ತಿರ ಬಂದು ನಿಂತರೆ ಸಾಕು, “ಬಸ್, ಮುಂದಿಂದು ಜನದ ಮುಂದ” ಎಂದು ಚಪ್ಪಾಳೆ ತಟ್ಟಿ ಎಬ್ಬಿಸುತ್ತಿದ್ದ. ಕೊನೆಯದನ್ನು ಮೊದಲೇ ಮಾಡಿ ನೋಡಿದರೆ ಅದು ಹಳಸುತ್ತದೆ ಎಂಬುದು ಅವನ ನಂಬಿಕೆ. ದಾನೇಶ್ವರಿಗೂ ಅದೇ ನಂಬಿಕೆ. ಅಣ್ಣನದಲ್ಲವೇ.

ನಡುಕವನ್ನು ಕಲಿಸಿದವನೂ ಅವನೇ. ಅವರ ಅಜ್ಜಿ ಗದಿಗೆಮ್ಮನ ಕೈ ನಡುಗುತ್ತಿತ್ತಂತೆ. ದಾನೇಶ್ವರಿ ಹುಟ್ಟುವ ಹಿಂದಿನ ವರ್ಷವೇ ಅಜ್ಜಿ ತೀರಿಕೊಂಡಿದ್ದರಿಂದ ಅವಳು ಆ ಕೈಯನ್ನು ನೋಡಿದವಳಲ್ಲ. ಅಣ್ಣನ ಕೈಯಲ್ಲೇ ನೋಡಿದ್ದು. ಹೆಬ್ಬೆರಳು, ತೋರುಬೆರಳು ಸೇರಿಸಿ ಜೋಳದ ಕಾಳೊಂದನ್ನು ಹೊರಳಿಸಿದಂತೆ ಮಾಡಿ ತೋರಿಸುತ್ತಿದ್ದ. “ಆದ್ರ ಒಂದು ನೆಪ್ಪಿಡು. ಲೋಟ ಹಿಡಿಯೂ ಮುಂದ ನಡುಗು, ದೀಪ ಹಚ್ಚೂ ಮುಂದ ನಡುಗು. ಸುಮ್ನ ಕುಂತಾಗ ನಡುಗಬ್ಯಾಡ. ಜನ ಮಾತು ಕೇಳೂದು ಬಿಟ್ಟು ಕೈ ನೋಡ್ತಾರ.”

ಅವಳು ಹಾಗೆಯೇ ನಡುಗಿದಳು. ಹತ್ತೊಂಬತ್ತರಲ್ಲಿ ನಡುಗಿದಳು, ಮೂವತ್ತು ದಾಟಿದ ಮೇಲೂ ನಡುಗಿದಳು. ಈಗ ಐವತ್ತರ ಹತ್ತಿರ ಬಂದಾಗ ಸಂಘಕ್ಕೆ ಸುವರ್ಣ ಮಹೋತ್ಸವ. ಚನ್ನು ಮಾಸ್ತರ ನಿವೃತ್ತನಾಗಿ, ಹೆಂಡತಿಯನ್ನು ಕಳೆದುಕೊಂಡು, ತಂಗಿಯ ಕೈ ಅಡುಗೆ ಉಣ್ಣುತ್ತ ಮನೆಯಲ್ಲೇ ಇದ್ದ. ಮಹೋತ್ಸವಕ್ಕೆ ಅದೇ ನಾಟಕ ಎಂದು ಕಮಿಟಿಯವರು ಹೇಳಿಕಳಿಸಿದಾಗ ಅವನು ಅಂಗಳದಲ್ಲಿ ನಿಂತು ಒಂದರ ಹಿಂದೊಂದು ಎರಡು ಬೀಡಿ ಸೇದಿದ.

ಸಂಘವೂ ಮೊದಲಿನದಾಗಿರಲಿಲ್ಲ. ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಎದ್ದ ಮೇಲೆ ಮೈಸೂರು, ಮಂಗಳೂರು ಕಡೆಯ ಹುಡುಗ ಹುಡುಗಿಯರು ಕಂಪ್ಯೂಟರಿನ ಕೆಲಸಕ್ಕೆ ಬಂದು ತುಂಬಿದ್ದರು. ಕುತ್ತಿಗೆಯಲ್ಲಿನ ಆಫೀಸಿನ ಗುರುತಿನ ಚೀಟಿಯ ಪಟ್ಟಿಯನ್ನು ಕಳಚದೆಯೇ ಶನಿವಾರ ಭಾನುವಾರ ಸಂಘಕ್ಕೆ ಬರುವರು. ಅವರಲ್ಲಿ ಮೈಸೂರಿನ ರೋಹಿತ ಮಗನ ಪಾತ್ರಕ್ಕೆ, ಮಂಗಳೂರಿನ ಕೃಪಾ ಸೊಸೆಯ ಪಾತ್ರಕ್ಕೆ ನಿಂತರು.

ದಾನೇಶ್ವರಿಯೂ ಮಾದಾಪುರಕ್ಕೇ ಹೋಗುತ್ತಿದ್ದಳು. ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು, ಟೈಪ್‌ರೈಟರಿನ ಕಾಲ ಮುಗಿಯಿತೆಂದು ಗೊತ್ತಾದ ಮೇಲೆ ದಿಲ್‌ಸುಖ್‌ನಗರದ ಇನ್‌ಸ್ಟಿಟ್ಯೂಟೊಂದರಲ್ಲಿ ಮಕ್ಕಳ ವಯಸ್ಸಿನವರ ಪಕ್ಕ ಕೂತು ಕಂಪ್ಯೂಟರ್ ಕಲಿತಿದ್ದಳು. ಈಗ ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಕಿವಿಗೆ ಹಾಕಿಕೊಂಡು ಟೈಪು ಮಾಡುವ ಕೆಲಸ. ಕಾಲಿನ ಕೆಳಗೆ ಪೆಡಲು. ಒತ್ತಿದರೆ ಡಾಕ್ಟರು ಮಾತಾಡುತ್ತಾನೆ, ಬಿಟ್ಟರೆ ಸುಮ್ಮನಾಗುತ್ತಾನೆ. “ಇಂಥಾ ಗಂಡಸು ಮನ್ಯಾಗ ಸಿಗಂಗಿಲ್ಲ ನೋಡ್ರಿ,” ಎಂದು ಪಕ್ಕದ ಹುಡುಗಿಯರನ್ನು ನಗಿಸುವಳು. ಮುಖ ನೋಡದ ಆ ದನಿಗಳಿಗೆಲ್ಲ ಹೆಸರಿಟ್ಟಿದ್ದಳು. ಒಬ್ಬ ಚೂಯಿಂಗ್ ಗಮ್ ಡಾಕ್ಟರು, ಒಬ್ಬಳು ನಿದ್ದೆಗಣ್ಣಿನಾಕೆ, ಮತ್ತೊಬ್ಬ ಪ್ರತಿ ವಾಕ್ಯಕ್ಕೂ ಗಂಟಲು ಕೆರೆಯುವ ನರದ ಡಾಕ್ಟರು.

ಈ ಗಂಟಲು ಕೆರೆಯುವಾತ ಮುದುಕರ ಬಗ್ಗೆ ಒಂದೇ ಮಾತನ್ನು ತಿರುತಿರುಗಿ ಹೇಳುತ್ತಿದ್ದ. ಕೈ ಸುಮ್ಮನಿದ್ದಾಗ ನಡುಕ, ಹೆಬ್ಬೆರಳು ತೋರುಬೆರಳು ಸೇರಿ ಗುಳಿಗೆ ಹೊರಳಿಸಿದಂತೆ, ಕೈಗೆ ಕೆಲಸ ಕೊಟ್ಟಾಗ ಕಡಿಮೆ, ನಡೆಯುವಾಗ ತೋಳು ಬೀಸುವುದಿಲ್ಲ, ಮುಖದಲ್ಲಿ ಭಾವವಿಲ್ಲ. ಎಷ್ಟು ಸಲ ಟೈಪು ಮಾಡಿದ್ದಳೆಂದರೆ, ಎರಡು ಅಕ್ಷರ ಒತ್ತಿದರೆ ಆ ಇಡೀ ವಾಕ್ಯ ತಾನೇ ಬಂದು ಕೂರುವಂತೆ ಮಾಡಿಕೊಂಡಿದ್ದಳು.

ಒಂದು ಮಧ್ಯಾಹ್ನ ಪೆಡಲಿನಿಂದ ಕಾಲು ತೆಗೆದು, ಬೆರಳುಗಳನ್ನು ಕೀಲಿಗಳ ಮೇಲೆ ಹಾಗೇ ಬಿಟ್ಟು, ಹಿಂದಿನ ಮಾತನ್ನು ಮತ್ತೆ ಕೇಳೋಣವೆಂದು ಕೂತಿದ್ದಳು. ಪರದೆಯ ಮೇಲೆ ಒಂದೇ ಅಕ್ಷರ ಸಾಲಾಗಿ ಓಡತೊಡಗಿತು. ಕೀಲಿ ಸಿಕ್ಕಿಕೊಂಡಿದೆ ಎಂದುಕೊಂಡಳು. ಕೆಳಗೆ ನೋಡಿದರೆ ಅವಳ ಬಲಗೈಯ ಬೆರಳು ತನ್ನಷ್ಟಕ್ಕೆ ಒತ್ತುತ್ತಿದೆ. ಕೈ ಎತ್ತಿದಳು. ನಿಂತಿತು. ಮಡಿಲಲ್ಲಿ ಇಟ್ಟುಕೊಂಡಳು. ಹೆಬ್ಬೆರಳೂ ತೋರುಬೆರಳೂ ಸೇರಿ, ಇಲ್ಲದ ಒಂದು ಕಾಳನ್ನು ಹೊರಳಿಸತೊಡಗಿದವು.

ಅವಳಿಗೆ ಬಂದ ಮೊದಲ ಯೋಚನೆ, ಇದನ್ನು ಅಣ್ಣನಿಗೆ ಹೇಳಬೇಕು. ಹೆದರಿಕೆ ಆಮೇಲೆ ಬಂತು.

ಸಂಜೆ ಮನೆಗೆ ಬಂದು, ಚಹಾ ಕೊಟ್ಟು, ಎದುರಿಗೆ ಕೂತು ಕೈಯನ್ನು ತೊಡೆಯ ಮೇಲೆ ಬಿಟ್ಟಳು. “ಅಣ್ಣಾ, ಇಲ್ಲೆ ನೋಡು. ನಾ ಮಾಡವಲ್ಲೆ. ತಾನ ಆಗಾಕತ್ತೈತಿ.”

ಚನ್ನು ಮಾಸ್ತರ ಬಸಿಯಲ್ಲಿದ್ದ ಚಹಾ ಕುಡಿದು, ಕನ್ನಡಕ ಏರಿಸಿ ನೋಡಿದ. ನೋಡಿ ನಕ್ಕ. “ವಾಹ್. ಇಷ್ಟು ವರ್ಷಕ್ಕ ಈಗ ಬಂತು ನೋಡು ಕೈಯಾಗ. ಬರೋಬ್ಬರಿ ಐತಿ. ಆದ್ರ ಕುಂತಾಗ ಬ್ಯಾಡ ಅಂತ ಎಷ್ಟು ಸಲ ಹೇಳೀನಿ ದಾನವ್ವ?”

“ನಾಟಕ ಅಲ್ಲ ಅಣ್ಣಾ, ಖರೇನ.”

“ಖರೇ ಅನಸಬೇಕು, ಅದಕ್ಕೇ ನಾಟಕ ಅಂತಾರ.” ಬಸಿ ಕೆಳಗಿಟ್ಟು ಒಳಗೆ ಹೋದ.

ಅವಳಿಗೆ ಸಿಟ್ಟು ಬರಲಿಲ್ಲ. ಮೂವತ್ತು ವರ್ಷ ಇದೇ ಮನೆಯಲ್ಲಿ ಇದೇ ಕೈಯನ್ನು ನಡುಗಿಸುತ್ತ, “ಹಿಂಗ ಸಾಕೇನಣ್ಣ, ಇನ್ನಷ್ಟು ಬೇಕೇನಣ್ಣ” ಎಂದು ಕೇಳುತ್ತ ಬಂದವಳು ಅವಳೇ. ಈಗ ನಂಬು ಎಂದರೆ ಅವನಾದರೂ ಹೇಗೆ ನಂಬಬೇಕು? ಆದರೆ ಅವನೇ ನಂಬಬೇಕಾಗಿತ್ತು. ಈ ಊರಿನಲ್ಲಿ ಅವಳಿಗೆ ಇರುವವನು ಅವನೊಬ್ಬ. ನಾಳೆ ಅವಳ ಬಾಯಿಗೆ ತುತ್ತು ಇಡಬೇಕಾದರೆ ಅದು ಅವನ ಕೈಯೇ. ಅವನು ನಂಬದಿದ್ದರೆ ಇದು ಅವಳೊಬ್ಬಳದೇ ಆಗಿ, ಅವಳೊಬ್ಬಳೊಳಗೇ ಬೆಳೆಯುತ್ತದೆ.

ತಾಲೀಮು ಶುರುವಾಯಿತು. ಲೋಟ ಹಿಡಿಯುವ ದೃಶ್ಯದಲ್ಲಿ ಕೈ ನಡುಗಬೇಕು. ಲೋಟ ಹಿಡಿದ ಕೂಡಲೇ ಅವಳ ಕೈ ಕಲ್ಲಿನಂತೆ ನಿಂತುಬಿಡುತ್ತಿತ್ತು, ಅಲ್ಲಿ ಬೇಕೆಂದೇ ನಡುಗಿಸಬೇಕು. ಸೊಸೆಯ ಮಾತು ಕೇಳುತ್ತ ಸುಮ್ಮನೆ ಕೂರುವ ಕಡೆ ನಿಲ್ಲಬೇಕು, ಅಲ್ಲಿ ನಿಲ್ಲದು. ಸೆರಗಿನಡಿ ಇಟ್ಟುಕೊಂಡಳು, ಮಂಚದ ಅಂಚನ್ನು ಹಿಡಿದುಕೊಂಡಳು, ತೊಡೆಯ ಕೆಳಗೆ ಒತ್ತಿಕೊಂಡಳು.

“ಆಂಟಿ, ಒಂದ್ನಿಮಿಷ,” ಎಂದ ರೋಹಿತ. “ಸುಮ್ನೆ ಕೂತಿರೋವಾಗ ಕೈಲಿ ಏನೋ ಮಾಡ್ತೀರಲ್ಲ, ಅದನ್ನ ಇಟ್ಕೊಳ್ಳಿ. ತುಂಬಾ ನ್ಯಾಚುರಲ್ ಆಗಿದೆ. ಅಲ್ವಾ ಮಾಸ್ಟ್ರೇ?”

“ಬ್ಯಾಡ,” ಎಂದ ಚನ್ನು ಮಾಸ್ತರ. ದನಿ ಸ್ವಲ್ಪ ಜೋರಾಗಿತ್ತು. “ಗದಿಗೆಮ್ಮಜ್ಜಿ ಕೈ ಹಂಗ ಇತ್ತು, ನಾ ಇಲ್ಲ ಅನ್ನಂಗಿಲ್ಲ. ಕುಂತಾಗೇ ಆಗತಿತ್ತು. ಆದ್ರ ಅದು ಸ್ಟೇಜಿಗೆ ನಡ್ಯಂಗಿಲ್ಲ. ದಾನವ್ವ, ಅಜ್ಜೀನ್ ನೋಡಿ ತಂದೀದಿ ಇದನ್ನ, ಬಿಟ್ಟುಬಿಡು.”

“ನಾ ಅಜ್ಜೀನ್ ನೋಡೇ ಇಲ್ಲಲ್ಲ ಅಣ್ಣಾ,” ಎಂದಳು ದಾನೇಶ್ವರಿ.

ಅಣ್ಣ ಅವಳ ಕಡೆ ನೋಡಲಿಲ್ಲ, ಕೈಯಲ್ಲಿದ್ದ ಹಾಳೆಗಳನ್ನು ಸರಿಪಡಿಸಿಕೊಂಡ. “ನಾ ಮಾಡಿ ತೋರಿಸಿರಬೇಕು ನಿನಗ. ನೆಪ್ಪಿಲ್ಲ. ನಡೀರಿ, ಮುಂದಿಂದು.”

ಸುಮ್ಮನೆ ಕೂತಾಗ ಕೈ ನಡುಗುವುದನ್ನು ಅವನು ಎಂದೂ ಮಾಡಿ ತೋರಿಸಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲವೇ ಎಂದು ಮನೆಯ ತನಕ ಯೋಚಿಸುತ್ತ ನಡೆದಳು. ಅವನು ಮುಂದೆ, ಅವಳು ಹಿಂದೆ. ಅಂಗಡಿಯೊಂದರ ಗಾಜಿನಲ್ಲಿ ತನ್ನ ನೆರಳು ಕಂಡಿತು. ಎಡಗೈ ಬೀಸುತ್ತಿತ್ತು. ಬಲಗೈ ಮೈಗೆ ಅಂಟಿಕೊಂಡು ನೇತಾಡುತ್ತಿತ್ತು.

ಆಫೀಸಿನಲ್ಲಿ ಅವಳ ಟೀಮಿನ ಮೇಲಿನವಳು ಸುಮತಿ, ಖಮ್ಮಮ್ಮಿನ ಹುಡುಗಿ, ಒಳ್ಳೆಯವಳು. “ಆಂಟೀ, ಏಮೈಂದಿ?” ಏನಾಯಿತೆಂದು ತೆಲುಗಿನಲ್ಲಿ ಕೇಳುತ್ತ ಪಕ್ಕದ ಕುರ್ಚಿ ಎಳೆದು ಕೂತಳು. ನಿಮ್ಮ ಫೈಲಿನಲ್ಲಿ ರೋಗಿಯ ಹೆಸರಿನ ನಡುವೆ ಬೇಡದ ಅಕ್ಷರಗಳು ಬಂದಿವೆ, ಅಮೆರಿಕದಿಂದ ವಾಪಸು ಕಳಿಸಿದ್ದಾರೆ ಎಂದು ಮೆಲ್ಲಗೆ ಹೇಳಿದಳು. ಕೀಬೋರ್ಡು ಹಾಳಾಗಿದೆ ಎಂದಳು ದಾನೇಶ್ವರಿ. ಬದಲಿಸಿಕೊಟ್ಟರು. ಹೊಸ ಕೀಬೋರ್ಡೂ ಹಾಗೆಯೇ ಹಾಳಾಯಿತು. ಸುಮತಿ ಮತ್ತೆ ಕೇಳಲಿಲ್ಲ, ಕೆಲಸವನ್ನು ಸುಮ್ಮನೆ ಬೇರೆಯವರಿಗೆ ಹಂಚತೊಡಗಿದಳು. ಕೇಳಿದ್ದರೇ ಚೆನ್ನಾಗಿತ್ತು ಎನ್ನಿಸಿತು.

“ಅಣ್ಣಾ, ನನ್ನ ಸಂಗಡ ಡಾಕ್ಟರ್ ಹಂತ್ಯಾಕ ಬಾ,” ಎಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತ ಕೇಳಿದಳು. ತಟ್ಟುವಾಗ ಕೈ ಸರಿಯಾಗಿಯೇ ಇತ್ತು, ಅದೇ ಅವಳಿಗೆ ಮುಳುವಾಯಿತು.

“ನಾಟಕ ಮುಗೀಲಿ. ನೋಡು, ರೊಟ್ಟಿ ಎಷ್ಟು ಛಂದ ತಟ್ಟಾಕತ್ತೀದಿ. ಏನಾಗೇತಿ ನಿನಗ?”

ಒಬ್ಬಳೇ ಹೋದಳು. ಡಾಕ್ಟರು ಅವಳನ್ನು ಆ ಗೋಡೆಯಿಂದ ಈ ಗೋಡೆಗೆ ನಡೆಸಿದರು, ಬೆರಳು ತಟ್ಟಿಸಿದರು, ಮಣಿಕಟ್ಟನ್ನು ಹಿಡಿದು ಬಗ್ಗಿಸಿ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಅವರು ಗಂಟಲು ಕೆರೆಯಲಿಲ್ಲ ಅಷ್ಟೇ, ವಾಕ್ಯ ಅದೇ. ಅವಳು ತುಟಿಯಲ್ಲೇ ಅವರಿಗಿಂತ ಮುಂದೆ ಹೋಗುತ್ತಿದ್ದಳು. “ನಿಮಗೆ ಗೊತ್ತಿದ್ದಂಗಿದೆಯಲ್ಲ,” ಎಂದು ಡಾಕ್ಟರು ತೆಲುಗಿನಲ್ಲಿ ಅಚ್ಚರಿಪಟ್ಟರು. ಮಾತ್ರೆ ಇದೆ, ಸ್ವಲ್ಪ ವರ್ಷ ಚೆನ್ನಾಗಿ ಇಡುತ್ತದೆ, ಹೋಗುವ ರೋಗವಲ್ಲ, ಮನೆಯವರನ್ನು ಕರೆದುಕೊಂಡು ಬನ್ನಿ ಎಂದರು.

ಇದ್ದೊಬ್ಬ ಮನೆಯವನು, ಅಣ್ಣ, ಜಗುಲಿಯಲ್ಲಿ ಕೂತು ನಾಟಕದ ಕೂಸಿನ ಗಂಟನ್ನು ಹೊಲಿಯುತ್ತಿದ್ದ. ಹಳೆಯ ಮಲ್ಲಿನ ಪಂಚೆಯೊಳಗೆ ಹತ್ತಿ ತುಂಬಿ, ತಲೆಯ ಜಾಗಕ್ಕೆ ತೆಂಗಿನ ಚಿಪ್ಪು. ದಾನೇಶ್ವರಿ ಚಪ್ಪಲಿಯನ್ನೂ ಬಿಡದೆ ಡಾಕ್ಟರು ಹೇಳಿದ ರೋಗದ ಹೆಸರು ಹೇಳಿದಳು.

“ಡಾಕ್ಟರಗೂ ಪಾರ್ಟು ಮಾಡಿ ತೋರಿಸಿ ಬಂದ್ಯಾ?” ಎಂದು ನಕ್ಕ ಚನ್ನು ಮಾಸ್ತರ. “ಅಂವಾ ನಂಬಿದ ಅಂದ್ರ ಮಹೋತ್ಸವದಾಗ ಜನ ನಂಬದೇ ಇರ್ತಾರೇನು?” ಮತ್ತೂ ನಕ್ಕ. ನಗು ಬೇಕಾದ್ದಕ್ಕಿಂತ ಉದ್ದವಾಯಿತು. ದಾರ ಕಡಿಯಲು ಬಾಗಿದವನು ಬಹಳ ಹೊತ್ತು ತಲೆ ಎತ್ತಲಿಲ್ಲ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಬಲಗೈಯನ್ನು ಎಡಗೈಯಿಂದ ಹಿಡಿದು ಗೋಡೆಗೆ ಒತ್ತಿದಳು. ಎಡಗೈ ದಣಿಯಿತು, ಬಲಗೈ ದಣಿಯಲಿಲ್ಲ. ನಾಟಕದಲ್ಲಿ ಮಾಡುವಾಗ ಒಂದೊಂದು ಪ್ರವೇಶ ಮುಗಿದ ಮೇಲೂ ಮೊಣಕೈ ನೋಯುತ್ತಿತ್ತು. ಇದಕ್ಕೆ ನೋವೇ ಇಲ್ಲ. ತನ್ನದಲ್ಲದ ಯಾವುದೋ ಪ್ರಾಣಿ ಕೈಯೊಳಗೆ ಮನೆ ಮಾಡಿಕೊಂಡು ಮೇಯುತ್ತಿದ್ದಂತೆ. ಆಗ ಅವಳಿಗೆ ಕೊನೆಯ ದೃಶ್ಯ ನೆನಪಾಯಿತು. ಕೂಸನ್ನು ಕೊಟ್ಟ ಮೇಲೆ ಕೈ ನಿಲ್ಲಬೇಕು. ನಿಲ್ಲದಿದ್ದರೆ ಅಣ್ಣನ ನಾಟಕ ಊರ ಮುಂದೆ ಕೆಟ್ಟಿತು. ನಿಂತರೆ? ನಿಂತುಬಿಟ್ಟರೆ? ಮೂವತ್ತು ವರ್ಷ ಅವಳು ಆ ಮಾತನ್ನು ಹೇಳಿದ್ದಳು, ಅಷ್ಟು ಜನ ಅತ್ತಿದ್ದರು. ಪೂರ್ತಿ ಸುಳ್ಳಿಗೆ ಅಷ್ಟು ಜನ ಅಳುತ್ತಾರೆಯೇ? ಓದಿದವಳು, ದಿನವೂ ಡಾಕ್ಟರುಗಳ ಮಾತು ಕೇಳಿದವಳು, ಅಣ್ಣ ಬರೆದ ಒಂದು ಸಾಲಿಗೆ ಜೋತುಬಿದ್ದಳು.

ಮಾತ್ರೆಯನ್ನು ತರಲೇ ಇಲ್ಲ. ನಾಟಕ ಮುಗಿಯಲಿ ಎಂದುಕೊಂಡಳು. ಅಣ್ಣ ಅಂದದ್ದೂ ಅದೇ ಅಲ್ಲವೇ.

ಮಹೋತ್ಸವದ ಸಂಜೆ ಹಾಲು ತುಂಬಿ ಬಾಗಿಲ ತನಕ ಜನ. ಬಣ್ಣದ ಕೋಣೆಯಲ್ಲಿ ಚನ್ನು ಮಾಸ್ತರ ತನ್ನ ತಗಡಿನ ಪೆಟ್ಟಿಗೆ ತೆರೆದು ತಂಗಿಯನ್ನು ಬಲ್ಬಿನ ಕೆಳಗೆ ಕೂರಿಸಿದ. “ಮಾರಿ ಗಂಟು ಹಾಕು.”

ಹಾಕಿದಳು.

“ಹಾಕು ದಾನವ್ವ.”

“ಹಾಕೀನಲ್ಲಣ್ಣ.”

ಕಪ್ಪು ಪೆನ್ಸಿಲ್ಲು ಗಾಳಿಯಲ್ಲಿ ನಿಂತಿತು. ಕನ್ನಡಿಯಲ್ಲಿ ಅವಳೂ ನೋಡಿದಳು. ಮುಖವೆಲ್ಲ ನುಣ್ಣಗೆ, ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ. ಸಿಟ್ಟು ಮಾಡಿದಳು, ಅಳುಮೋರೆ ಮಾಡಿದಳು, ನಕ್ಕಳು. ಒಳಗೆ ಮಾಡಿದ್ದು ಯಾವುದೂ ಹೊರಗೆ ಬರಲಿಲ್ಲ. ಹತ್ತೊಂಬತ್ತರ ಹುಡುಗಿಯ ಮುಖದಲ್ಲಿ ಇದ್ದ ಗೆರೆಗಳು ಐವತ್ತರವಳ ಮುಖದಲ್ಲಿ ಇರಲಿಲ್ಲ.

ಅಣ್ಣ ಹಿಂದೆ ಎಲ್ಲೆಲ್ಲಿ ಎಳೆದಿದ್ದನೋ ಅಲ್ಲಲ್ಲಿ ನೆನಪಿನಿಂದ ಎಳೆದ. ಎಳೆಯುವಾಗ ಅವನ ಉಸಿರಿನಲ್ಲಿ ಬೀಡಿಯ ವಾಸನೆ ದಟ್ಟವಾಗಿತ್ತು. ಕೂದಲಿಗೆ ಬಿಳಿ ಪುಡಿ ತಟ್ಟಿ, “ನಡಿ, ಘಂಟಿ ಆತು,” ಎಂದ.

ಮೊದಲ ದೃಶ್ಯಗಳು ಹೇಗೋ ಸಾಗಿದವು. ಲೋಟದ ನಡುಕಕ್ಕೆ ಜನ ನಕ್ಕರು, ದೀಪದ ನಡುಕಕ್ಕೆ ಅಯ್ಯೋ ಎಂದರು. ಸುಮ್ಮನೆ ಕೂರುವಲ್ಲೆಲ್ಲ ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ರಂಗದ ಪಕ್ಕದಲ್ಲಿ, ಪರದೆಯ ಹಗ್ಗದ ಹತ್ತಿರ, ಮಾತು ಮರೆತವರಿಗೆ ಹೇಳಿಕೊಡಲು ಹಾಳೆ ಹಿಡಿದು ಅಣ್ಣ ನಿಂತಿದ್ದ.

ಕೊನೆಯ ದೃಶ್ಯ ಬಂತು. ಕೃಪಾ ಕೂಸಿನ ಗಂಟನ್ನು ಎದೆಗೆ ಒತ್ತಿಕೊಂಡು ಬಂದಳು. “ತಗೊಳ್ಳಿ ಅತ್ತೆ,” ಎಂದು ಮಂಡಿಯೂರಿದಳು.

ದಾನೇಶ್ವರಿ ಸೆರಗು ಬಿಡಿಸಿ ಎರಡೂ ಕೈ ಚಾಚಿದಳು. ಚಾಚಿದ ಕ್ಷಣ ನಡುಕ ನಿಂತಿತು. ಅವಳು ನಿಲ್ಲಿಸಿದ್ದಲ್ಲ, ತಾನಾಗಿ ನಿಂತಿತು. ಕೂಸನ್ನು ತೆಗೆದುಕೊಂಡಳು, ಮಡಿಲಿಗೆ ಇಳಿಸಿಕೊಂಡಳು. ಇನ್ನೂ ನಿಂತೇ ಇತ್ತು. ಅಣ್ಣಾ, ನೀ ಬರದದ್ದು ಖರೇ, ಎಂದುಕೊಂಡಳು. ಮಾತು ನಾಲಿಗೆಯ ತುದಿಗೆ ಬಂತು.

ಆಡುವಷ್ಟರಲ್ಲಿ ಹೆಬ್ಬೆರಳು ಅಲುಗಿತು.

ಮೊದಲು ಬೆರಳು, ಆಮೇಲೆ ಮಣಿಕಟ್ಟು. ತೆಂಗಿನ ಚಿಪ್ಪಿನ ತಲೆ ಅವಳ ಬಳೆಗೆ ತಾಗಿ ಟಕಟಕ ಎನ್ನತೊಡಗಿತು. ಎಡಗೈಯಿಂದ ಒತ್ತಿ ಹಿಡಿದಳು, ಕೂಸು ಪೂರ್ತಿ ಅಲುಗಿತು. ತೂಗುವಂತೆ ಮಾಡಿದಳು, ತೂಗುವುದರ ಒಳಗೇ ಅದು ಬೇರೆಯಾಗಿ ನಡುಗಿತು. ಕೃಪಾ ಮಂಡಿಯೂರಿದಲ್ಲಿಂದಲೇ, “ಆಂಟಿ, ಲೈನು,” ಎಂದು ಪಿಸುಗುಟ್ಟಿದಳು.

“ನೋಡ್ರವ್ವ,” ಎಂದು ಪಕ್ಕದಿಂದ ಅಣ್ಣನ ದನಿ ಬಂತು. “ನೋಡ್ರವ್ವ, ನನ್ನ ಕೈ—”

ಅಷ್ಟಕ್ಕೇ ನಿಂತಿತು. ದಾನೇಶ್ವರಿ ಆ ಕಡೆ ತಿರುಗಿದಳು. ಅವನು ಹಾಳೆಯನ್ನು ನೋಡುತ್ತಿರಲಿಲ್ಲ. ಅವಳ ಮುಖವನ್ನೂ ನೋಡುತ್ತಿರಲಿಲ್ಲ. ಕೈಯನ್ನು ನೋಡುತ್ತಿದ್ದ. ಇಷ್ಟು ದಿನ ಅವಳು ನೋಡು ನೋಡು ಎಂದು ಬೇಡಿದ್ದ ಕೈಯನ್ನು ಈಗ ಪೂರ್ತಿ ನೋಡುತ್ತಿದ್ದ. ಹಾಗೆ ನೋಡುವಾಗ ಅವನು ಅರವತ್ತು ದಾಟಿದ ಮಾಸ್ತರನಾಗಿರಲಿಲ್ಲ. ಕತ್ತಲ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಹೋಗಲು ಹೆದರುವ ಹುಡುಗನಂತಿದ್ದ.

ನಂಬಿದ, ಎಂದು ಅವಳಿಗೆ ತಿಳಿಯಿತು. ತಿಳಿದ ಕೂಡಲೇ ಬೇಡವೆನ್ನಿಸಿತು. ಇಷ್ಟು ದಿನ ಲೋಕದಲ್ಲಿ ಒಂದು ಜಾಗವಿತ್ತು, ಅಲ್ಲಿ ಅವಳಿಗೆ ಏನೂ ಆಗಿರಲಿಲ್ಲ, ಅದು ಅಣ್ಣನ ನಗುವಿನೊಳಗಿತ್ತು. ಆ ಜಾಗ ಹೋಯಿತು.

ಚನ್ನು ಮಾಸ್ತರ ಹಾಳೆ ಬಿಟ್ಟು ಹಗ್ಗ ಎಳೆದ. ತಾನೇ ಬರೆದ ಕೊನೆಯ ಮಾತನ್ನು ಆಡಿಸದೆ ಪರದೆ ಬೀಳಿಸಿದ.

ಆಚೆ ಕಡೆ ಚಪ್ಪಾಳೆ ಶುರುವಾಗಿ ನಿಲ್ಲಲೇ ಇಲ್ಲ.

ಬಣ್ಣದ ಕೋಣೆಗೆ ಜನ ನುಗ್ಗಿದರು. “ಎಂಡಿಂಗ್ ಚೇಂಜ್ ಮಾಡಿದ್ರಲ್ಲ ಮಾಸ್ಟ್ರೇ, ಹೇಳಲೇ ಇಲ್ಲ,” ಎಂದು ರೋಹಿತ ಅವನ ಕೈ ಕುಲುಕಿದ. “ಕೈ ನಿಲ್ಲದೇ ಇರೋದೇ ಚೆನ್ನಾಗಿತ್ತು.” ಹಳೆಯ ಕಾಲದ ಶಾರದಾಬಾಯಿ ಮಾತ್ರ, “ಮೊದಲಿಂದೇ ಛಲೋ ಇತ್ತವ್ವ, ಅತ್ತು ಹಗುರಾಗಿ ಮನೀಗೆ ಹೋಗತಿದ್ವಿ,” ಎಂದು ಗೊಣಗುತ್ತ ಹೋದಳು. ಕೃಪಾ ಬಾಗಿಲಲ್ಲಿ ನಿಂತು ದಾನೇಶ್ವರಿಯ ಕೈಯನ್ನೇ ನೋಡಿ ಹೋದಳು.

ಇಬ್ಬರೇ ಉಳಿದರು. ಚನ್ನು ಮಾಸ್ತರ ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ತಂಗಿಯ ಹಣೆಯ ಗೆರೆಗಳನ್ನು ಒರೆಸತೊಡಗಿದ.

“ಅಣ್ಣಾ, ನಾ ಬೇಕಂತ ಮಾಡ್ದೆ,” ಎಂದಳು ದಾನೇಶ್ವರಿ. “ರೋಹಿತ ಹೇಳಿದ್ನಲ್ಲ, ನ್ಯಾಚುರಲ್ ಇರಲಿ ಅಂತ. ಹೆಂಗಿತ್ತು? ನಾಟಕ ಅದು.”

“ನಿನಗ ಸುಳ್ಳು ಹೇಳಾಕ ನಾ ಕಲಿಸಿಲ್ಲ.”

“ಖರೇ ಅಣ್ಣಾ, ನಾಟಕ.”

“ಅವತ್ತ ಚಹಾ ಕೊಟ್ಟು ಕುಂತ್ಯಲ್ಲ, ಅವತ್ತೇ ಗುರ್ತು ಹಿಡದೆ,” ಎಂದ. ಒರೆಸುವ ಕೈ ನಿಲ್ಲಿಸಲಿಲ್ಲ. “ಆ ಕೈ ನನಗ ಮರೀತದೇನು? ನಾ ನಕ್ಕೊಂತ ಇದ್ರ ಹೋಗತೈತಿ ಅಂತ ಮಾಡಿದ್ದೆ.”

ಅವಳು ತೊಡೆಯ ಮೇಲಿನ ಕೈಯನ್ನು ಮುಚ್ಚಿಕೊಳ್ಳಲಿಲ್ಲ. ಇನ್ನು ಯಾರಿಂದ ಮುಚ್ಚುವುದು? “ಅಜ್ಜೀ ಕೈ ಕೊನೀಗೆ ನಿಂತಿತ್ತೇನಣ್ಣ?”

ಅವನು ಮೇಜಿನ ಮೇಲಿದ್ದ ಚಹಾದ ಲೋಟ ತೆಗೆದು ಅವಳ ಕೈಗೆ ಇಟ್ಟ. “ಹಿಡಿ.”

ಹಿಡಿದಳು. ನಡುಕ ನಿಂತಿತು.

“ಹಿಂಗ ನಿಲ್ಲತಿತ್ತು. ಏನರ ಕೊಟ್ರ ಝರಾ ಹೊತ್ತು ನಿಲ್ಲತಿತ್ತು. ಎಲ್ಲಾರೂ ಹೊಲಕ್ಕ ಹೋದಾಗ ನಾನೇ ಹಂತ್ಯಾಕ ಕುಂತು ಕೊಡತಿದ್ದೆ. ಅಡಿಕಿ ಕೊಡೂದು, ಬತ್ತಿ ಕೊಡೂದು, ನೂಲಿನ ಉಂಡಿ ಕೊಡೂದು. ಒಂದು ಸಾಕಾತು ಅಂದ್ರ ಇನ್ನೊಂದು. ಅಕೀ ನಗತಿದ್ಲು, ಹುಚ್ಚು ಖೋಡಿ, ಮನೀ ಎಲ್ಲಾ ನನ್ನ ಉಡ್ಯಾಗ ತಂದು ಹಾಕತೀ ಏನು ಅಂತ.”

“ಆಮ್ಯಾಲ?”

“ಆಮ್ಯಾಲ ನಗೂದು ಬಿಟ್ಲು.” ಹತ್ತಿಯನ್ನು ಮಡಿಚಿ ಮತ್ತೆ ಎಣ್ಣೆಯಲ್ಲಿ ಅದ್ದಿದ. “ಆಮ್ಯಾಲ ಹಿಡಿಯೂದೂ ಬಿಟ್ಲು.”

ಲೋಟದಲ್ಲಿ ತಳ ಉಳಿದಿದ್ದ ಚಹಾ ಅಲುಗತೊಡಗಿತು. ಅವನು ಲೋಟ ತೆಗೆದುಕೊಂಡು ಬಾಚಣಿಗೆ ಕೊಟ್ಟ. “ಇದ ಹಿಡಿ.” ಬಾಚಣಿಗೆ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಅದರ ಹಲ್ಲುಗಳು ಬಳೆಗೆ ತಾಗಿ ಸದ್ದು ಮಾಡಿದವು. ಪೆನ್ಸಿಲ್ಲು ಕೊಟ್ಟ. ಪುಡಿಯ ಡಬ್ಬಿ ಕೊಟ್ಟ. ಕೂಸಿನ ಗಂಟು ಕೊಟ್ಟ. ಒಂದೊಂದೂ ಒಂದೊಂದು ಉಸಿರಿನಷ್ಟು ಹೊತ್ತು ನಿಲ್ಲಿಸಿ ಅವಳ ಮಡಿಲಿಗೆ ಇಳಿಯಿತು.

“ಸಾಕಣ್ಣ,” ಎಂದಳು ದಾನೇಶ್ವರಿ. “ಮನೀಗೆ ಹೋಗೋಣು.”

“ತಡಿ,” ಎಂದ ಚನ್ನು ಮಾಸ್ತರ. ಹಾಲಿನ ಕಡೆ ವಾಚಮನ್ ಒಂದೊಂದೇ ಬಾಗಿಲು ಹಾಕುತ್ತ ಬರುವ ಸದ್ದು ಕೇಳುತ್ತಿತ್ತು. ಅವನು ನೆಲದ ಮೇಲೆ ಕೂತು ತಗಡಿನ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡ. ಅದು ಆಗಲೇ ಬರಿದಾಗಿತ್ತು. ಆದರೂ ಕೈ ಹಾಕಿ ತಳವನ್ನು ಸವರುತ್ತ, “ತಡಿ, ಇನ್ನೊಂದು ಐತಿ,” ಎಂದು ಹುಡುಕತೊಡಗಿದ.